ಐವತ್ತು ಇಲಿ ಮತ್ತು ಅಮ್ಮಣ್ಣಿಯ ಉಗುರು

ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ಏಳೂವರೆಯ ಬಸ್ಸಿನಲ್ಲಿ ಅಮ್ಮಣ್ಣಿಯ ಪಕ್ಕದ ಸೀಟು ಬೇಗ ತುಂಬುವುದಿಲ್ಲ. ಆಕೆ ಫಾರ್ಮಸಿ ಕಾಲೇಜೊಂದರ ಇಲಿಮನೆಯ ಕೆಲಸದವಳು. ಅವಳ ಸೀರೆಗೆ ಇಲಿಯ ವಾಸನೆ ಇದೆಯೆಂದು ಬಸ್ಸಿನವರ ನಂಬಿಕೆ. ಹದಿನೆಂಟು ವರ್ಷಗಳಿಂದ ಬಿಳಿ ಇಲಿಗಳ ಗೂಡು ತೊಳೆದು, ಕಾಳು ನೀರು ಕೊಟ್ಟು, ಮರಿಗಳನ್ನು ಕಣ್ಣು ಬಿಡುವ ಮೊದಲಿನಿಂದ ಸಾಕಿದ್ದಾಳೆ. ಪ್ರಯೋಗದ ದಿನ ಅವುಗಳನ್ನು ಹಿಡಿದುಕೊಡುವವಳೂ ಅವಳೇ. ಬೇರೆಯವರು ಹಿಡಿದರೆ ಕಚ್ಚುತ್ತವೆ, ಅವಳ ಕೈಯಲ್ಲಿ ಸುಮ್ಮನಿರುತ್ತವೆ. ಅವು ಹಾಗೆ ನಂಬುವುದೇ ಅವಳಿಗೆ ಸಂಕಟ.

ಪ್ರೊಫೆಸರ್ ರಾಮಪ್ರಸಾದ್ ವಿಷಪರೀಕ್ಷೆಯಲ್ಲಿ ಹಳೆಯ ಕಾಲದವರು. ಐವತ್ತು ಇಲಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮದ್ದು ಕುಡಿಸಿ, ಎಷ್ಟು ಕೊಟ್ಟರೆ ಅರ್ಧದಷ್ಟು ಸಾಯುತ್ತವೆಂದು ಕಂಡರೇ ಅವರಿಗೆ ಸಮಾಧಾನ. ಎಲ್ಲವೂ ಬದುಕಿಬಿಟ್ಟರೆ ಮುಖ ಸಣ್ಣದಾಗುತ್ತದೆ.

"ಸರ್, ಆ ಕ್ರಮ ಬಿಟ್ಟು ಎಷ್ಟೋ ವರ್ಷ ಆಯ್ತು. ಈಗ ಮೂರು ಮೂರೇ ಇಲಿ ತಗೊಂಡು ನೋಡ್ತಾರೆ, ಗೊತ್ತಾದಲ್ಲಿಗೆ ನಿಲ್ಲಿಸ್ತಾರೆ" ಎಂದಳು ಹೊಸ ಉಪನ್ಯಾಸಕಿ ಶುಭಶ್ರೀ.

"ಮೂರು ಇಲಿಯಲ್ಲಿ ಎಂಥ ಗ್ರಾಫ್ ಬರ್ತದೆ ಮಾರಾಯ್ತಿ?" ಎಂದರು ರಾಮಪ್ರಸಾದ್.

ಪ್ರಾಣಿಗಳ ಪರವಾಗಿ ಯೋಚಿಸಲು ಕಾಲೇಜಿನಲ್ಲಿ ಒಂದು ಸಮಿತಿಯೂ ಇತ್ತು. ಅದರ ಅರ್ಜಿಯ 'ಪ್ರಾಣಿಗಳಿಲ್ಲದೆ ಇದನ್ನು ತಿಳಿಯುವ ದಾರಿ ಇದೆಯೇ?' ಎಂಬ ಕಾಲಮಿನಲ್ಲಿ ರಾಮಪ್ರಸಾದ್ 'ಇಲ್ಲ' ಎಂದು ಬರೆದರು. ಸಭೆಗೆ ತರಿಸಿದ ಗೋಳಿಬಜೆ ತಣ್ಣಗಾಗುವ ಮೊದಲೇ ಸಮಿತಿ ಸಹಿ ಹಾಕಿತು.

ಈ ಸಲದ ಮದ್ದು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ. ಮಳೆಗಾಲದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಜಿಲ್ಲೆಗೆ ಜಿಲ್ಲೆಯೇ ಬರಿಹೊಟ್ಟೆಯಲ್ಲಿ ಅದರ ಕಷಾಯ ಕುಡಿದು, ಮೇಲಿಂದ ಮೆಂತೆ ಗಂಜಿ ಉಂಡು ಕೆಲಸಕ್ಕೆ ಹೋಗುತ್ತದೆ. ಆದರೆ ಮನುಷ್ಯರು ಕುಡಿದದ್ದು ಲೆಕ್ಕಕ್ಕಿಲ್ಲ, ಇಲಿ ಕುಡಿಯಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುವುದು ನಮ್ಮಂಥವರ ಮಾತು. ಪ್ರೊಫೆಸರರಿಗೆ ಐವತ್ತು ಕನ್ನಡಿ ಬೇಕು.

ಅಮಾವಾಸ್ಯೆಯ ಮುನ್ನಾದಿನ ನಾರಾವಿಯಿಂದ ಹಸಿ ಕೆತ್ತೆಯ ಗೋಣಿ ಬಂತು. ರಾಮಪ್ರಸಾದ್ ಅದರಿಂದ ನಾಲ್ಕು ತುಂಡು ತೆಗೆದು, ಮರುದಿನದ ಕಷಾಯಕ್ಕೆಂದು ಮೊದಲು ಮನೆಗೆ ಕಳಿಸಿದರು. ಉಳಿದದ್ದು ಇಲಿಮನೆಗೆ ಬಂತು.

ಅಮ್ಮಣ್ಣಿ ಒಂದು ತುಂಡನ್ನು ಉಗುರಿನಿಂದ ಗೀರಿದಳು. ಪಾಲೆಯಾದರೆ ಬಿಳಿ ಹಾಲು ಒಸರಬೇಕೆಂದು ಅವಳ ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ. ಇನ್ನೊಂದನ್ನು ಗೀರಿದಳು, ಮತ್ತೊಂದನ್ನೂ. ಎಲ್ಲೂ ಹಾಲಿಲ್ಲ.

"ಸರ್, ಇದು ಪಾಲೆ ಅಲ್ಲ. ಕಾಸರಕ. ಕುಡಿದವರು ಉಳಿಯೂದಿಲ್ಲ."

"ಅದನ್ನು ನೀನು ಹೇಳೂದಲ್ಲ ಅಮ್ಮಣ್ಣಿ, ಪ್ರಯೋಗ ಹೇಳ್ಬೇಕು. ಐವತ್ತನ್ನೂ ತೂಕ ಮಾಡಿ ಇಡು" ಎಂದು ರಾಮಪ್ರಸಾದ್ ಗಂಭೀರವಾಗಿ ಹೊರಗೆ ನಡೆದರು.

ಜಗಲಿ ಮುಟ್ಟಿದ್ದೇ ತಡ, ಗಾಂಭೀರ್ಯ ಬಿಟ್ಟು ಫೋನು ಹಿಡಿದರು. ಹೆಂಡತಿಯೊಂದಿಗೆ ಆಡಿದ ಮಾತು ಕಿಟಕಿಯಿಂದ ಒಳಗಿದ್ದ ಅಮ್ಮಣ್ಣಿಗೂ ಶುಭಶ್ರೀಗೂ ಕೇಳಿಸಿತು.

"ಅನ್ನಪೂರ್ಣಾ, ಆ ಕೆತ್ತೆ ಮುಟ್ಬೇಡ! ಬಿಸಾಡಿ ಕೈ ತೊಳಿ. ಅದು ಕಾಸರಕ... ಯಾರು ಹೇಳಿದ್ದಾ? ನಮ್ಮ ಅಮ್ಮಣ್ಣಿ ನೋಡಿದ್ದಾಳೆ. ಅವಳಿಗೆ ತಪ್ಪೂದಿಲ್ಲ."

ಅವರು ಬೆವರೊರೆಸಿಕೊಂಡು ಒಳಗೆ ಬಂದಾಗ ಅಮ್ಮಣ್ಣಿ ಗೂಡುಗಳಿಗೆ ಅಡ್ಡವಾಗಿ ನಿಂತಿದ್ದಳು. ಹದಿನೆಂಟು ವರ್ಷದಲ್ಲಿ ಎದುರು ಮಾತಾಡಿದವಳಲ್ಲ. ಕೆಲಸ ಹೋದರೆ ಏನು ಗತಿಯೆಂದು ಅವಳಿಗೆ ಗೊತ್ತಿರಲಿಲ್ಲ.

"ಸರ್, ನಿಮ್ಮ ಮನೆಯವರಿಗೆ ನನ್ನ ಒಂದು ಉಗುರು ಸಾಕಾಯ್ತು. ಇವುಗಳಿಗೆ ಯಾಕೆ ಸಾಲೂದಿಲ್ಲ? ನಾನು ಹಿಡಿದುಕೊಡೂದಿಲ್ಲ."

ಶುಭಶ್ರೀ ನಗು ತಡೆಯಲು ಕೆಮ್ಮಿದಳು. ರಾಮಪ್ರಸಾದ್ ಗೋಣಿಯನ್ನು ನೋಡಿದರು, ಇಲಿಗಳನ್ನು ನೋಡಿದರು. ಕೊನೆಗೆ, "ಹೊಸ ಕ್ರಮವನ್ನು ನಾನೂ ಯೋಚಿಸ್ತಾ ಇದ್ದೆ" ಎಂದರು.

ಗೋಣಿಯನ್ನು ಹೂತರು. ಅಮ್ಮಣ್ಣಿ ಗೀರಿ ಒಪ್ಪಿದ ಮೇಲೆಯೇ ಬೇರೆ ಕೆತ್ತೆ ಒಳಗೆ ಬಂತು. ಮೂರು ಇಲಿಗೆ ಕುಡಿಸಿದರು, ಖಚಿತಪಡಿಸಲು ಮತ್ತೆ ಮೂರಕ್ಕೆ. ಒಂದೂ ಸಾಯಲಿಲ್ಲ. ಜಿಲ್ಲೆಗೆಲ್ಲ ಗೊತ್ತಿದ್ದದ್ದು ಹೀಗೆ ವಿಜ್ಞಾನಕ್ಕೂ ಗೊತ್ತಾಯಿತು. ಪ್ರಾಣಿಗಳ ಬಳಕೆ ತಗ್ಗಿಸಿದ್ದಕ್ಕೆ ಸಮಿತಿ ರಾಮಪ್ರಸಾದರಿಗೆ ಶಾಲು ಹೊದಿಸಿತು.

ಹದಿನಾಲ್ಕನೆಯ ದಿನ ಆ ಆರನ್ನು ಕೊಂದು ಒಳಗಿನ ಅಂಗಗಳನ್ನು ನೋಡಬೇಕಿತ್ತು. ಹೊಸ ಕ್ರಮದಲ್ಲೂ ಅದು ತಪ್ಪಲಿಲ್ಲ. ಅಮ್ಮಣ್ಣಿಯೇ ಹಿಡಿದುಕೊಟ್ಟಳು, ಅವು ಎಂದಿನಂತೆ ಸುಮ್ಮನಿದ್ದವು. ಹಿಂದೆಲ್ಲ ಐವತ್ತರ ದಿನ ತೂಕ, ಪಟ್ಟಿ, ತೊಳೆಯುವುದು ಎಂದು ಅವಳಿಗೆ ಅಳಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಈ ಸಲ ಸಿಕ್ಕಿತು. ಆರಕ್ಕೂ ಬೇರೆ ಬೇರೆಯಾಗಿ ಅತ್ತಳು.