ಪಟ್ಟೆ ಚಾದರದೊಳಗಿನ ತೊಟ್ಟಿಲು

ನಮಗೆ ಮೊಮ್ಮಗಳು ಬಂದಿದ್ದಾಳೆ. ನಲವತ್ತು ದಿನ ತುಂಬಿದವು. ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ. ಇನ್ನು ಯಾರಿಗೆ ಬೇಕಾದರೂ ಹೇಳಬಹುದು ಎಂದು ಮಗಳೇ ಅಪ್ಪಣೆ ಕೊಟ್ಟಿದ್ದಾಳೆ, ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಕ್ಷರ ಸೊಟ್ಟ ಬಂದರೂ ಸುದ್ದಿ ನೆಟ್ಟಗಿದೆ.

ಸಂತೋಷ ಹೇಗಿದೆ ಎಂದು ಕೇಳಿದರೆ ಮಾತ್ರ ಹೇಳಲು ಬರುವುದಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದರೆ ಜೋಮು ಹಿಡಿದಿರುತ್ತದಲ್ಲ, ಕಾಲು ಇರುವುದು ಕಣ್ಣಿಗೆ ಕಾಣುತ್ತದೆ, ಕೆಳಗಿನ ನೆಲ ತಾಗುವುದಿಲ್ಲ, ಹಾಗೆ. ಕೂಸನ್ನು ತೊಡೆಯ ಮೇಲೆ ಹಾಕಿದರೆ ಭಾರ ತಿಳಿಯುತ್ತದೆ. ಗಡ್ಡ ಹಿಡಿದು ಎಳೆದರೆ ಎಳೆದದ್ದು ತಿಳಿಯುತ್ತದೆ. ಮಿಕ್ಕಿದ್ದು ಇನ್ನೂ ಬರಬೇಕು.

ಆಳಂದದಲ್ಲಿ ನಮ್ಮದು ಗಾದಿ ಹೊಲಿಯುವ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಹತ್ತಿ ಹಿಂಜಿ ಗಾದಿ ಮಾಡುವುದು ಅಪ್ಪನಿಂದ ಬಂದ ಕೆಲಸ. ಇರುವವಳು ಒಬ್ಬಳೇ ಮಗಳು, ಜೇವರ್ಗಿಗೆ ಕೊಟ್ಟಿದ್ದೇವೆ. ಮೂರು ವರ್ಷದ ಹಿಂದೆ, ತನಗೆ ಎರಡು ತಿಂಗಳು ಎಂದು ಅವಳು ಫೋನಿನಲ್ಲಿ ಹೇಳಿದಳು. ಹುಟ್ಟುವ ಮೊದಲು ಕೂಸಿನ ಸಾಮಾನು ಮಾಡಬಾರದು ಎನ್ನುವುದು ನಮ್ಮ ಮಂದಿಯ ರೂಢಿ. ನನಗೇನು ಗೊತ್ತಿರಲಿಲ್ಲವೇ? ಆದರೂ ಅವತ್ತೇ ಒಳ್ಳೆಯ ಹತ್ತಿ ಆರಿಸಿ, ತೊಟ್ಟಿಲಿಗೆ ಆಗುವಷ್ಟು ಪುಟ್ಟ ಗಾದಿ ಹೊಲಿದು ಅಂಗಡಿಯ ಬಾಗಿಲಿಗೆ ತೂಗುಹಾಕಿದೆ. ಬಂದವರೆಲ್ಲ "ಇದು ಯಾರಿಗ್ರಿ?" ಎಂದರು. ಬಂದವರಿಗೆಲ್ಲ ಹೇಳಿದೆ.

ಮೂರನೇ ತಿಂಗಳಲ್ಲಿ ಹೋಯಿತು.

ಆಮೇಲೆ ಮಗಳು ತವರಿಗೆ ಬಂದಳು. ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ನಾಲ್ಕು ಜನ ನಿಲ್ಲಿಸಿ, ಈಗ ಎಷ್ಟು ತಿಂಗಳು ಎಂದು ಕೇಳಿದರು. ನಾಲ್ಕು ಜನಕ್ಕೂ ಅವಳೇ ಉತ್ತರ ಕೊಟ್ಟಳು. ಮನೆಗೆ ಬಂದು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಫೋನಿನಲ್ಲಿ "ಉಂಡಿ ಏನು ಅಬ್ಬಾ?", "ಉಂಡೆ", ಅಷ್ಟೇ. ತನ್ನ ಸುಖ ದುಃಖ ಎಲ್ಲ ತಾಯಿಯ ಹತ್ತಿರ. ಪುಟ್ಟ ಗಾದಿಯನ್ನು ಅಟ್ಟದ ಮೇಲೆ ಹಾಕಿದೆ. ನಾನು ಅಳಲಿಲ್ಲ. ದಿನಾ ಅಂಗಡಿ ತೆರೆದೆ, ಹೊಲಿದೆ, ಮುಚ್ಚಿದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಮಗಳು, ಅಳಿಯ ಬಂದರು. ಚಳಿ ಎಂದು ಅವಳು ದೊಡ್ಡ ಶಾಲು ಹೊದ್ದಿದ್ದಳು. ಫೋನ್ ನೋಡಿ ಉಲನ್ ಹೆಣಿಕೆ ಕಲಿತಿದ್ದಾಳೆಂದು ಅವಳ ತಾಯಿ ಹೇಳಿದ್ದಳು. ಚೀಲದಿಂದ ನೀಲಿ ಬಿಳಿ ಪಟ್ಟೆಯ ಸಣ್ಣ ಚಾದರ ತೆಗೆದು ನನ್ನ ಕೈಗೆ ಕೊಟ್ಟಳು.

"ಇದರಾಗ ಒಂದು ಒಗಟ ಅದ ಅಬ್ಬಾ. ಬಿಡಿಸಿದ ಮ್ಯಾಲ ಬಾಯಿಲಿಂದ ಹೇಳಬ್ಯಾಡ. ಯಾರಿಗೂ. ನನಗೂ."

"ಹೇಳದಿದ್ರ ನಿನಗ ಹ್ಯಾಂಗ ಗೊತ್ತಾಗಬೇಕು?"

"ಅದು ನಿನ್ನ ಕೆಲಸ," ಎಂದು ಅಡುಗೆಮನೆಗೆ ಹೋದಳು.

ಮೂರು ವರ್ಷದಲ್ಲಿ ಅವಳು ನನ್ನ ಕೈಗೆ ಒಪ್ಪಿಸಿದ ಮೊದಲ ಗುಟ್ಟು ಅದು. ಇದನ್ನೂ ಕೆಡಿಸಿದರೆ ಇನ್ನೊಂದು ಬರುವುದಿಲ್ಲ ಎಂದು ನನಗೆ ತಿಳಿಯಿತು.

ಚಾದರವನ್ನು ನೆಲಕ್ಕೆ ಹಾಸಿ ಪಟ್ಟೆ ಎಣಿಸಿದೆ. ನೀಲಿ ಎಷ್ಟೋ ಬಿಳಿಯೂ ಅಷ್ಟೇ. ತಿರುಗಿಸಿ ಹಾಕಿ ಮತ್ತೆ ಎಣಿಸಿದೆ. ಚಹಾ ತಂದ ಹೆಂಡತಿ ನಿಂತು ನೋಡಿದಳು.

"ಗಾದಿ ಬಟ್ಟಿ ಪಟ್ಟಿ ನೋಡಿ ನೋಡಿ ತಲಿ ಬೆಳ್ಳಗಾಗ್ಯಾದ, ಇನ್ನೂ ಎಣಿಸಾಕತ್ತೀರಲ್ಲ."

"ನಿನಗ ಗೊತ್ತದ ಏನು ಬೇ?"

"ನನಗ್ಯಾಕ ಕೇಳ್ತೀರಿ? ಕೊಟ್ಟಿದ್ದು ನಿಮಗ," ಎಂದು ಸೆರಗಿನಲ್ಲಿ ನಗು ಒರೆಸಿಕೊಂಡು ಹೋದಳು. ಅವಳಿಗೆ ಗೊತ್ತಿತ್ತು. ಅಳಿಯನಿಗಂತೂ ಗೊತ್ತೇ ಇತ್ತು. ಉಳಿದವನು ನಾನೊಬ್ಬ.

ಚಾದರದ ಮೇಲೆ ಕೈಯಾಡಿಸಿದೆ. ದಬ್ಬಣ ಚುಚ್ಚಿ ಚುಚ್ಚಿ ನನ್ನ ಬೆರಳ ತುದಿಗಳು ಎಂದೋ ಸತ್ತಿವೆ, ಅವಕ್ಕೆ ಏನೂ ತಿಳಿಯಲಿಲ್ಲ. ಬಿಟ್ಟು, ಅತನೂರಿನ ಗಿರಾಕಿಯೊಬ್ಬರ ಗಾದಿ ಮುಗಿಸಲು ಕೂತೆ.

ಗಾದಿ ಮುಗಿದ ಮೇಲೆ ನಿಂತು ನೋಡಿದರೆ ಎಲ್ಲ ಸಮನಾಗಿಯೇ ಕಾಣುತ್ತದೆ. ಹತ್ತಿ ಎಲ್ಲಿ ಗಡ್ಡೆ ಕಟ್ಟಿದೆ ಎಂದು ತಿಳಿಯಬೇಕಾದರೆ ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಗಾದಿಯ ಮೈಗುಂಟ ನೋಡಬೇಕು. ಅಪ್ಪ ಕಲಿಸಿದ್ದು. ಹಾಗೆ ನೋಡಲು ಬಗ್ಗಿದೆ. ಪಕ್ಕದಲ್ಲಿ ಚಾದರ ಹಾಸಿದಂತೆಯೇ ಇತ್ತು. ಕಣ್ಣು ಅತ್ತ ಹೊರಳಿತು.

ಪಟ್ಟೆಗಳೇ ಇರಲಿಲ್ಲ. ನೀಲಿಯೆಲ್ಲ ಒಂದೆಡೆ ಕೂಡಿ ತೊಟ್ಟಿಲಾಗಿತ್ತು. ಅದರ ಕೆಳಗೆ ಸಾಲಾಗಿ ಐದು ಚುಕ್ಕಿ.

ತಲೆ ಎತ್ತಿದೆ, ಬರೀ ಪಟ್ಟೆ. ಬಗ್ಗಿದೆ, ತೊಟ್ಟಿಲು. ಕೆಲವು ಹೆಣಿಕೆ ಉಬ್ಬಿಸಿ, ಕೆಲವು ಸಪಾಟು ಬಿಟ್ಟು, ನಿಂತು ನೋಡುವವರಿಗೆ ಕಾಣದ ಹಾಗೆ ಹೆಣೆದಿದ್ದಳು. ಸಣ್ಣವಳಿದ್ದಾಗ ನನ್ನ ಎದುರು ಬದಿಯಲ್ಲಿ ತಾನೂ ಕೆನ್ನೆ ಹಚ್ಚಿ ಮಲಗಿ, "ಅಬ್ಬಾ, ಇಲ್ಲೊಂದು ಗಡ್ಡಿ ಅದ," ಎಂದು ಬೆರಳು ತೋರಿಸುತ್ತಿದ್ದಳು. ಊರಲ್ಲಿ ಯಾರಿಗೂ ಕಾಣದ್ದು ನನಗೆ ಕಾಣುತ್ತದೆಂದು ತಿಳಿದೇ ಮಾಡಿದ್ದು ಇದು.

ಐದು ತಿಂಗಳು. ನಗು ಬರಲಿಲ್ಲ, ಅಳು ಬರಲಿಲ್ಲ. ನೆಲ ತಣ್ಣಗಿತ್ತು. ಎಷ್ಟು ಹೊತ್ತು ಹಾಗೇ ಬಿದ್ದಿದ್ದೆನೋ, ಎದ್ದಾಗ ಕೆನ್ನೆಯೂ ಜೋಮು ಹಿಡಿದಿತ್ತು.

ಚಾದರ ಮಡಚಿಟ್ಟು ಕಿರಾಣಿ ಅಂಗಡಿಗೆ ಹೋಗಿ ಖಜೂರ ಕೇಳಿದೆ.

"ರಂಜಾನ್ ಇನ್ನೂ ದೂರ ಅದಲ್ಲ ಕಾಕಾ, ಏನು ವಿಶೇಷ?" ಎಂದ ಅಂಗಡಿಯವನು. ಮೂರು ವರ್ಷದ ಹಿಂದೆ ಪುಟ್ಟ ಗಾದಿ ನೋಡಿ ಕೇಳಿದವರಲ್ಲಿ ಅವನೂ ಒಬ್ಬ. ಹೇಳಿಬಿಡುವವನಿದ್ದೆ, ತಲೆ ಬಗ್ಗಿಸಿ ರೊಕ್ಕ ಎಣಿಸತೊಡಗಿದೆ.

"ಏನಿಲ್ಲಪಾ," ಎಂದೆ. "ತಿನಬೇಕು ಅನಿಸ್ತು."

ದಾರಿಯಲ್ಲಿ ಇನ್ನಿಬ್ಬರು ಸಿಕ್ಕರು. ಅವರಿಗೂ ಹೇಳಲಿಲ್ಲ. ಅಟ್ಟದ ಮೇಲಿನ ಪುಟ್ಟ ಗಾದಿಯ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ತೊಗರಿ ಬೇಳೆ. ಮಗಳ ತಾಟಿನ ಪಕ್ಕದಲ್ಲಿ ಒಂದೊಂದಾಗಿ ಐದು ಖಜೂರ ಸಾಲಾಗಿ ಇಟ್ಟೆ.

ಅವಳು ಖಜೂರ ನೋಡಿದಳು. ಆಮೇಲೆ ತಲೆಯನ್ನು ನಿಧಾನ ಓರೆ ಮಾಡಿ, ಕೆನ್ನೆಯನ್ನು ತಾಟಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದಳು. ನಾನೂ ಹಾಗೇ ಬಗ್ಗಿದೆ.

"ಇವರಿಗೇನಾತು?" ಎಂದು ಅಳಿಯ ಒಂದು ಖಜೂರಕ್ಕೆ ಕೈ ಹಾಕಿದ. ಮಗಳು ಆ ಕೈ ಸರಿಸಿದಳು.

"ಅವು ನಿಮಗಲ್ಲರಿ. ನಮ್ಮಬ್ಬ ನನಗ ಕೊಟ್ಟಾನ."

"ಅಂಗಡಿಗೆ ಹೋಗಿ ಬಂದ್ರಲ್ಲ, ಎಷ್ಟು ಮಂದಿಗೆ ಹೇಳಿ ಬಂದ್ರಿ?" ಎಂದಳು ಹೆಂಡತಿ.

"ಏನು ಹೇಳೋದು? ನನಗೇನು ಗೊತ್ತದ?"

ಮಗಳು ನಕ್ಕಳು. ಮೂರು ವರ್ಷದ ಮೇಲೆ ನಮ್ಮ ಮನೆಯಲ್ಲಿ ಆ ಸದ್ದು. ಹೆಂಡತಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಆರ್ತದ, ಉಣ್ರಿ." ನಾಲ್ವರೂ ಉಂಡೆವು. ಪುಂಡಿಪಲ್ಲೆಯ ಹುಳಿ ನಾಲಿಗೆಗೆ ತಾಗಿತು. ಮಗಳು ಮೊದಲ ಖಜೂರ ಬಿಡಿಸಿ, ಬೀಜವನ್ನು ನನ್ನ ಅಂಗೈಯಲ್ಲಿ ಇಟ್ಟಳು.