ಗುಡ್ಡ ಕುಸಿಯುವ ಕಾದಂಬರಿಗಳು

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಮೊನ್ನೆ ಒಂದು ಕಾದಂಬರಿ ಕೊಂಡೆ. ರಕ್ಷಾಪುಟದ ಮೇಲೆ ಪಾಳುಗುಡಿ, ತಲೆಬುರುಡೆ, ಅವೆರಡರ ನಡುವೆ ಟಾರ್ಚು ಹಿಡಿದ ಹುಡುಗಿ. ತೆರೆದು ಮೂಗಿಗೆ ಹಿಡಿದರೆ ಹೊಸ ಶಾಯಿಯ ವಾಸನೆ. ಆ ವಾಸನೆಗೆ ನನಗೆ ನೆನಪಾಗುವವಳು ಮಂಗಳೂರಿನ ಚಿಗವ್ವ, ನನ್ನ ತಾಯಿಯ ತಂಗಿ. ಮಂಗಳೂರು ಎಂದೊಡನೆ ಕಡಲು ಹುಡುಕಬೇಡಿ. ಇದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು.

ನಾನು ಮುನಿರಾಬಾದಿನಲ್ಲಿ ನೌಕರಿಗಿದ್ದಾಗ ಅವಳಿಗೆ ಇಂಥ ಪುಸ್ತಕಗಳನ್ನು ಒಯ್ಯುತ್ತಿದ್ದೆ. ಇವುಗಳ ಕಥೆ ನಿಮಗೂ ಗೊತ್ತಿರಬೇಕು. ಮೊದಲ ಪುಟದಲ್ಲಿ ಮುದಿ ಅರ್ಚಕನೊಬ್ಬ ಸಾಯಬೇಕು, ಸಾಯುವ ಮುಂಚೆ ನೆಲದ ಮೇಲೆ ಏನಾದರೂ ಗೀಚಬೇಕು. ಅದನ್ನು ಓದಲು ಪ್ರೊಫೆಸರ್ ಬರಬೇಕು, ಜೊತೆಗೆ ಹಳಗನ್ನಡ ಬಲ್ಲ ಚೆಂದದ ಹುಡುಗಿ. ಗರ್ಭಗುಡಿಯ ಕೆಳಗೆ ಸುರಂಗ, ಸುರಂಗದಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಧರ್ಮವನ್ನೇ ತಲೆಕೆಳಗು ಮಾಡುವ ರಹಸ್ಯ. ಇನ್ನೇನು ಮುಚ್ಚಳ ಎತ್ತಬೇಕು, ಗುಡ್ಡ ಕುಸಿಯುತ್ತದೆ!

ಚಿಗವ್ವ ಸಿಟ್ಟಿನಿಂದ ಪುಸ್ತಕ ಬೀಸಿ ಒಗೆಯುತ್ತಿದ್ದಳು. "ನಮ್ಮ ಕಡೆ ಗುಡ್ಡ ಕುಸಿದದ್ದು ಯಾರರ ನೋಡ್ಯಾರೇನು? ಗಂಗಾವತಿ ದಾರ್ಯಾಗ ಕಲ್ಲಗುಂಡಿನ ಮ್ಯಾಲ ಕಲ್ಲಗುಂಡು ಕುಂತಾವ, ಒಂದರ ಅಲ್ಲಾಡೈತೇನು? ಬರದಾಂವಗ ಒಳಗೇನೈತಿ ಅಂತ ಗೊತ್ತಿಲ್ಲ, ಅದಕ್ಕ ಕೆಡವತಾನ." ನಾನು ಹೊರಡುವಾಗ ಮಾತ್ರ "ಮತ್ತ ಅಂಥಾದ್ದ ತಗೊಂಡು ಬಾ" ಅನ್ನುವಳು. ಹೊಟ್ಟೆ ತುಂಬದ ಊಟಕ್ಕೆ ಇವಳು ಮತ್ತೆ ಮತ್ತೆ ಯಾಕೆ ಕೂರುತ್ತಾಳೋ ನನಗೆ ತಿಳಿಯುತ್ತಿರಲಿಲ್ಲ. ಅವಳಿಗಿಂತ ಮೊದಲು ಬಸ್ಸಿನಲ್ಲಿ ನಾನೇ ಓದಿ ಮುಗಿಸಿರುತ್ತಿದ್ದೆ ಅನ್ನುವುದು ಬೇರೆ ಮಾತು.

ಅವಳ ಸಿಟ್ಟಿಗೆ ಕಾರಣ ಮನೆಯಲ್ಲೇ ಇತ್ತು. ಗಂಡನ ಮನೆಯ ದೇವರ ಜಗಲಿಯ ಮೇಲೊಂದು ಗಂಟು. ಪ್ರತಿ ಮಹಾನವಮಿಗೆ ಹಳೆಯ ಅರಿವೆ ಬಿಚ್ಚದೆ, ಅದರ ಮೇಲೆಯೇ ಹೊಸ ಅರಿವೆ ಸುತ್ತಿ ಕಟ್ಟುವುದು ಆ ಮನೆಯ ಪದ್ಧತಿ. ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಸೊಸೆಯಾಗಿ ಬಂದ ವರ್ಷ ಅತ್ತೆಯನ್ನು ಕೇಳಿದ್ದಳಂತೆ. "ದೇವರೈತಿ" ಅಂದರಂತೆ. "ಯಾವ ದೇವರ್ರೀ?" ಅಂದದ್ದಕ್ಕೆ ರೊಟ್ಟಿ ಬಡಿಯುವ ಕೆಲಸ ಹೇಳಿದರಂತೆ.

ಅತ್ತೆ ತೀರಿಕೊಂಡ ಮೇಲೆ ಗಂಟು ಕಟ್ಟುವ ಹಿರಿತನ ಅವಳ ಪಾಲಿಗೆ ಬಂತು. ನನ್ನನ್ನು ಕರೆಸಿದಳು. "ಈ ಸಲ ಬಿಚ್ಚಿ ನೋಡೂಣು ತಮ್ಮಾ. ನೀ ಜೋಡಿ ಇರು."

ಮಧ್ಯಾಹ್ನ ಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ಬಾಗಿಲು ಹಾಕಿಕೊಂಡು ಕೂತೆವು. ಕಾದಂಬರಿಯ ಪ್ರೊಫೆಸರ್ ನಾನೇ ಅನ್ನಿಸಿತು, ಹಳಗನ್ನಡ ಬಲ್ಲ ಹುಡುಗಿಯೊಬ್ಬಳ ಕೊರತೆ. ಅರಿವೆಗಳು ಒಂದೊಂದಾಗಿ ಕಳಚಿದವು. ಹಸಿರು, ಹಳದಿ, ಆಮೇಲೆ ಬಣ್ಣವೇ ಮಾಸಿದಂಥವು. "ಇದು ನನ್ನ ಮದುವಿ ವರ್ಷದ್ದು" ಎಂದು ಒಂದನ್ನು ತೊಡೆಯ ಮೇಲೆ ಹರವಿಕೊಂಡಳು. ಕೊನೆಗೆ ಮುಷ್ಟಿಯಷ್ಟು ಉಳಿಯಿತು. ಒಳಗೆ ಏನೋ ಗಟ್ಟಿ. ಆದರೆ ಆ ಕೊನೆಯ ಅರಿವೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬಿಚ್ಚುವಂತಿರಲಿಲ್ಲ, ಹರಿಯಬೇಕಿತ್ತು.

ಚಿಗವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದಳು. ಆಮೇಲೆ ಅರಿವೆಗಳನ್ನು ಮತ್ತೆ ಸುತ್ತತೊಡಗಿದಳು.

"ಯಾಕ ಚಿಗವ್ವ?" ನನಗೆ ಅಳುವೇ ಬರುವಂತಾಗಿತ್ತು.

"ಯಾರೋ ಕಟ್ಟಿದ್ದು ತಮ್ಮಾ. ಹರಿಯಾಕ ಕೈ ಬರವಲ್ದು." ಹೊಸ ಅರಿವೆಯನ್ನು ಬಿಗಿದು ಕಟ್ಟಿ ನನ್ನ ಮುಖ ನೋಡಿದಳು. "ಹಂಗಾರ ನಾನೂ ಗುಡ್ಡ ಕೆಡವಿದೆನೇನು?"

ಅಂದಿನಿಂದ ನಾನೂ ಅದನ್ನೇ ಯೋಚಿಸುತ್ತೇನೆ. ಗುಡ್ಡ ಕೆಡವುವ ಕಾದಂಬರಿಕಾರ ಸೋಮಾರಿಯೋ, ಅಂಜುಬುರುಕನೋ, ಅಥವಾ ಅವನಿಗೂ ಹರಿಯಲು ಕೈ ಬರಲಿಲ್ಲವೋ? ಪೆಟ್ಟಿಗೆ ತೆರೆದು ತಾಮ್ರದ ತಗಡೊಂದನ್ನು ತೋರಿಸಿದ್ದರೆ ನಮಗೆ ತೃಪ್ತಿಯಾಗುತ್ತಿತ್ತೇ, ಇಷ್ಟೇ ಏನು ಅನ್ನುತ್ತಿದ್ದೆವೇ? ನಿಮಗೆ ಗೊತ್ತಿದ್ದರೆ ಹೇಳಿ.

ಮೊನ್ನೆಯ ಪುಸ್ತಕದ ಕೊನೆಯ ಪುಟಗಳನ್ನು ಬಸ್ಸಿನಲ್ಲೇ ಓದಿಕೊಂಡು ಮಂಗಳೂರಿನಲ್ಲಿ ಇಳಿದೆ. ಚಿಗವ್ವನಿಗೆ ಈಗ ಕಣ್ಣು ಮಂಜು. ಸೊಸೆ ಓದಿ ಹೇಳುತ್ತಾಳೆ. ಪುಸ್ತಕ ಕೈಗಿಟ್ಟೊಡನೆ ಕೇಳಿದಳು, "ಕಡೀಗಿ ತೆರೀತಾರೇನು?"

"ಇಲ್ಲ. ಗುಡ್ಡ ಕುಸೀತೈತಿ."

ಬೈಗುಳಕ್ಕೆ ಕಾದೆ. "ಛಲೋ ಆತು" ಅಂದಳು. ಸೊಸೆ ಚಹಾ ತಂದಿಟ್ಟಳು. ಅರ್ಧ ಕುಡಿದ ಮೇಲೆ ಮೆಲ್ಲಗೆ, "ಆದರೂ ನೋಡಬೇಕಿತ್ತು" ಅಂದಳು.

ಯಾವುದನ್ನು ಎಂದು ಕೇಳದೆ, ದೇವರ ಜಗಲಿಯ ಕಡೆಗೂ ನೋಡದೆ, ನಾನು ನನ್ನ ಚಹಾ ಮುಗಿಸಿದೆ.