ಏಳನೇ ಕುಳಿಯ ಮೇಟಿ

"ಮೆಟ್ಟು ಬುಟ್ಟು ಬನ್ನಿ ಸಾ. ಕಣ ಇದು!"

ಹೋದ ವಾರದ ಶುಕ್ರವಾರ ಬೆಳಿಗ್ಗೆ ನನ್ನನ್ನು ಹೀಗೆ ತಡೆದವಳು ನಿಂಗಮ್ಮ. ಜಾಗ, ಹಾಸನದ ಹೊರಗಿರುವ ನಮ್ಮ ಗಾಲ್ಫ್ ಕ್ಲಬ್ಬಿನ ಏಳನೇ ಕುಳಿ. ನಾನು ಕ್ಲಬ್ಬಿನ ಕ್ಯಾಪ್ಟನ್. ಆಕೆ ಪಕ್ಕದ ಹೊಲದ ಒಡತಿ. ನಮ್ಮಿಬ್ಬರ ನಡುವೆ ಒಂದು ಜೊತೆ ಎತ್ತು, ಒಂದು ಕಲ್ಲಿನ ಗುಂಡು, ನೆಲದ ತುಂಬ ಹರಡಿದ ರಾಗಿ ತೆನೆ.

ಕ್ಯಾಪ್ಟನ್ ಅಂದರೆ ಏನೋ ದೊಡ್ಡದೆಂದು ತಿಳಿಯಬೇಡಿ. (ನಾನು ತಿಳಿದಿದ್ದೆ.) ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಹಾಸ್ಟೆಲಿನ ತಂಗಳು ಮುದ್ದೆ ಉಂಡು, ಒಂದೇ ಕೋಟಿನಲ್ಲಿ ಮೂರು ವರ್ಷ ಕಳೆದು ಪಡೆದ ಡಿಗ್ರಿ. ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಕ್ಯಾಪ್ಟನ್‌ಗಿರಿ ಬಂದದ್ದು ಡಿಗ್ರಿಯಿಂದಲ್ಲ, ಯುದ್ಧದಿಂದ. ಚೆನ್ನಾಗಿ ಆಡುವ ಇಂಗ್ಲಿಷ್ ದೊರೆಗಳೆಲ್ಲ ಯುದ್ಧಕ್ಕೆ ಹೋದರು. ಉಳಿದವರಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲ, ಬೆಳಿಗ್ಗೆ ಬೇಗ ಏಳಬಲ್ಲ ಬಡಪಾಯಿ ಯಾರು? ಈ ವಕೀಲ.

ಚಳಿಗಾಲದಲ್ಲಿ ಕ್ಯಾಪ್ಟನ್ನನ ಕೆಲಸ ಚೆಂಡು ಹೊಡೆಯುವುದಲ್ಲ. ಮಂಜಿನಲ್ಲಿ ನಿಂತು ಮೊದಲನೇ ಬಾವುಟ ಕಾಣುತ್ತದೋ ಇಲ್ಲವೋ ನೋಡುವುದು. ಕಾಣದಿದ್ದರೆ 'ಆಟ ಇಲ್ಲ' ಎಂದು ಬೋರ್ಡು ಹಾಕುವುದು. ಹಾಕಿದ ಅರ್ಧ ಗಂಟೆಗೆ ಬಿಸಿಲು ಬಂದರೆ ಎಲ್ಲರಿಂದ ಬೈಸಿಕೊಳ್ಳುವುದು.

ಈ ವರ್ಷ ಇನ್ನೊಂದು ಕೆಲಸ ಸೇರಿತು. ಕುಳಿಯ ಸುತ್ತ ಚೆಂಡು ಉರುಳಲು ನುಣುಪಾದ ದುಂಡು ನೆಲ ಬೇಕು. ದೊರೆಗಳ ಸೀಮೆಯಲ್ಲಿ ಅದು ಹುಲ್ಲು, ಹಾಗಾಗಿ ಗ್ರೀನ್. ನಮ್ಮಲ್ಲಿ ಮರಳಿಗೆ ಹಳೇ ಎಣ್ಣೆ ಕಲಸಿ ಹಾಸುತ್ತಾರೆ, ಹಾಗಾಗಿ ಬ್ರೌನ್. ಯುದ್ಧಕಾಲದಲ್ಲಿ ಎಣ್ಣೆ ಎಲ್ಲಿದೆ? ನಾನೊಂದು ಉಪಾಯ ಮಾಡಿದೆ. ಹಳೇ ಮರಳನ್ನೆಲ್ಲ ಕೆರೆಸಿ ಹೊರಗೆ ಹಾಕಿಸಿದೆ. ಕೆಮ್ಮಣ್ಣು ಹರಡಿಸಿ ಸಗಣಿ ಸಾರಿಸಿದೆ. ಕ್ಲಬ್ಬಿನ ರೋಲರ್ ಮುರಿದಿತ್ತು. ನಿಂಗಮ್ಮನ ಮನೆಯಿಂದ ಒಕ್ಕಣೆಯ ಗುಂಡನ್ನು ಎರಡು ದಿನಕ್ಕೆಂದು ತರಿಸಿದೆ. ಬ್ರೌನ್ ಕನ್ನಡಿಯಂತಾಯಿತು. ಮೆಂಬರುಗಳು ಮೆಚ್ಚಿದರು. ನಾನು ಬೀಗಿದೆ.

ಗುಂಡನ್ನು ವಾಪಸು ಕಳಿಸಲು ಮರೆತೆ.

"ಇದು ಕಣ ಅಲ್ಲಮ್ಮ, ಆಟದ ಜಾಗ" ಎಂದೆ.

"ಎಲ್ಡ್ ದಿನ ಅಂತ ಗುಂಡು ತಕ್ಕಂಡ್ ಓದ್ರಿ. ಮೂರ್ ವಾರ ಆಯ್ತು. ಬಂದ್ ನೋಡಿದ್ರೆ ನೆಲ ಸಾರ್ಸವ್ರೆ, ದುಂಡಕ್ಕದೆ, ನಡೂಕೆ ಕಂಬ ಅದೆ, ನಮ್ ಗುಂಡೂ ಇಲ್ಲೇ ಅದೆ. ಕಣ ಅಲ್ದೆ ಇದೇನ್ ಸಾ, ಅಸೆಮಣೆಯಾ?"

"ನಡುವೆ ಇದ್ದದ್ದು ನಮ್ಮ ಬಾವುಟದ ಕೋಲು."

"ಕಡ್ಡಿ ಸಾ ಅದು. ಎತ್ತು ಕಟ್ಟಿದ್ರೆ ಮುರ್ದೋಯ್ತದೆ. ಆ ತೂತನೇ ಒಸಿ ಅಗಲ ಮಾಡಿ ನಮ್ ಮೇಟಿ ನೆಟ್ಟಿವ್ನಿ. ನಿಮ್ ಬಾವುಟಾನೂ ಮೇಲೇ ಕಟ್ಟಿವ್ನಿ ನೋಡಿ."

ನೋಡಿದೆ. ಎತ್ತುಗಳು ಸುತ್ತುವ ಆ ದಪ್ಪ ಕಂಬದ ತುದಿಯಲ್ಲಿ, ರಾಗಿ ತೆನೆಗಳ ಜೊತೆ, ನಮ್ಮ ಏಳನೇ ನಂಬರಿನ ಕೆಂಪು ಬಾವುಟ ಹಾರುತ್ತಿತ್ತು. (ಕುಳಿಯ ಅಗಲವನ್ನು ಕೂದಲೆಳೆಯಷ್ಟು ಬದಲಿಸುವುದೂ ಈ ಆಟದಲ್ಲಿ ಮಹಾಪರಾಧ.)

"ಯಾವೂರ್ ಸಾ ನಿಮ್ದು?"

"ನುಗ್ಗೇಹಳ್ಳಿ ಹತ್ತಿರ."

"ಅಂಗಾರೆ ಕಣ ಕಂಡಿಲ್ವಾ? ಓದ್‌ಬುಟ್ಟು ಮರ್ತ್‌ಬುಟ್ರಾ?"

ಆ ಮಾತು ಚುಚ್ಚಿತು. ನಮ್ಮಪ್ಪ ಪ್ರತಿ ಪುಷ್ಯದಲ್ಲೂ ಮಾಡುತ್ತಿದ್ದುದನ್ನೇ ನಾನು ಮಾಡಿಸಿದ್ದೆ. ಹೆಸರು ಮಾತ್ರ ಬ್ರೌನ್ ಎಂದಿಟ್ಟಿದ್ದೆ. ಮೊಳೆ ಬಡಿದ ಬೂಟು ಬಿಚ್ಚಿ ಒಳಗೆ ಹೋದೆ.

ಅಷ್ಟರಲ್ಲಿ ಪ್ರೆಸಿಡೆಂಟ್ ಬಂದರು. ಅರಕಲಗೂಡಿನ ಆಚೆ ಕಾಫಿ ತೋಟವಿರುವ ದೊರೆ. ಎತ್ತುಗಳನ್ನು ನೋಡಿದರು. ನನ್ನ ಕಾಲ್ಚೀಲವನ್ನು ನೋಡಿದರು. ಭಾನುವಾರ ಹೊರಗಿನ ಟೀಮಿನ ಮೇಲೆ ಮ್ಯಾಚ್. ಅಷ್ಟರೊಳಗೆ ಇದೆಲ್ಲ ಖಾಲಿಯಾಗಬೇಕು. ಇಲ್ಲವಾದರೆ ಬುಧವಾರದ ಕಮಿಟಿ ಬೇರೆ ಕ್ಯಾಪ್ಟನ್ನನ್ನು ಹುಡುಕುತ್ತದೆ. ಇಷ್ಟು ಹೇಳಿ ಹೊರಟರು.

"ಏನಂತೆ?" ಎಂದಳು ನಿಂಗಮ್ಮ.

"ಎತ್ತಬೇಕಂತೆ."

"ರಾಸಿ ಪೂಜೆ ಆಗೋಗಂಟ ಕಣ ಕದಲ್ಸಂಗಿಲ್ಲ ಸಾ. ಮ್ಯಾಲ್ ನೋಡಿ, ಮೋಡ. ನೆಂದ್ರೆ ವರ್ಸೊಪ್ಪತ್ತು ಉಣ್ಣೋದೇನ? ನಿಮ್ ಚೆಂಡಾ?"

ಆಕಾಶದಲ್ಲಿ ನಿಜಕ್ಕೂ ಮೋಡವಿತ್ತು. ಅರ್ಧ ತುಳಿದ ತೆನೆ ನೆನೆದರೆ ಮೊಳೆಯುತ್ತದೆ. ಇದಕ್ಕೆ ಡಿಗ್ರಿ ಬೇಕೇ?

ಕ್ಲಬ್ಬಿಗೆ ಹೋಗಿ ರೂಲ್ಸು ಪುಸ್ತಕ ತೆಗೆದೆ. ಯಾವುದೇ ನೆಲವನ್ನು 'ರಿಪೇರಿಯಲ್ಲಿದೆ' ಎಂದು ಘೋಷಿಸುವ ಅಧಿಕಾರ ಕ್ಯಾಪ್ಟನ್ನಿಗಿದೆ. ಬೋರ್ಡಿನ ಮೇಲೆ ಬರೆದು ಸಹಿ ಹಾಕಿದೆ: ಏಳನೇ ಕುಳಿ ರಿಪೇರಿಯಲ್ಲಿದೆ, ಉಳಿದ ಎಂಟು ಕುಳಿಗಳಲ್ಲೇ ಆಟ. ಹೆಸರಿನ ಮುಂದೆ ಬಿ.ಎ. ಎಂದೂ ಸೇರಿಸಿದೆ.

ಭಾನುವಾರ ಮ್ಯಾಚ್ ನಡೆಯಿತು. ನಾವು ಸೋತೆವು. (ಒಂಬತ್ತೂ ಕುಳಿ ಇದ್ದರೂ ಸೋಲುತ್ತಿದ್ದೆವು.) ನಡುವೆ ಪ್ರೆಸಿಡೆಂಟರು ರಿಪೇರಿ ಎಲ್ಲಿಗೆ ಬಂತೆಂದು ನೋಡಲು ನೇರ ಏಳನೇ ಕುಳಿಗೆ ನಡೆದರು. ನಿಂಗಮ್ಮ ಮೊರ ಎತ್ತಿ ಕೂಗಿದಳು: "ಏ ದೊರೆ, ಮೆಟ್ಟು! ಮೆಟ್ಟು!"

ದೊರೆ ನನ್ನ ಕಡೆ ತಿರುಗಿ, ಏನನ್ನುತ್ತಾಳೆ ಎಂದು ಕೇಳಿದರು.

"ಇಲ್ಲಿ ಬೂಟು ಹಾಕುವಂತಿಲ್ಲ ಸರ್. ಲೋಕಲ್ ರೂಲ್."

ರೂಲ್ ಎಂಬ ಮಾತಿಗೆ ಆ ಜನ ಕೊಡುವ ಮರ್ಯಾದೆ ದೊಡ್ಡದು. ಎರಡು ಹೆಜ್ಜೆ ಹಿಂದೆ ಸರಿದು, ಅಂಚಿನ ಮೇಲೇ ಸುತ್ತು ಹಾಕಿ ಹೋದರು.

ಸೋಮವಾರ ರಾಶಿ ಪೂಜೆಯಾಯಿತು. ರಾಗಿ ಮನೆ ಸೇರಿತು. ಗುಂಡೂ ಹೋಯಿತು. ಮಂಗಳವಾರ ಮಳೆ ಬಂತು. ಬುಧವಾರ ಕಮಿಟಿ ಸೇರಿತು. ನಾನೀಗ ಮಾಜಿ ಕ್ಯಾಪ್ಟನ್.

ನಿನ್ನೆ ಹೊಸ ಕ್ಯಾಪ್ಟನ್ ಚೀಟಿ ಕಳಿಸಿದ್ದರು. ಮಳೆಗೆ ಬ್ರೌನುಗಳು ಕೆಟ್ಟಿವೆಯಂತೆ. ನಾನು ತರಿಸಿದ್ದ ರೋಲರ್ ಯಾವ ಕಂಪನಿಯದು, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು.

ನಿಂಗಮ್ಮನ ವಿಳಾಸ ಕೊಟ್ಟು, ಕೆಳಗೆ ಒಂದು ಸಾಲು ಸೇರಿಸಿದೆ: ಬೂಟು ಬಿಚ್ಚಿ ಕೇಳಿ.